ಝೋನ್ಡ್ ಹಾರ್ಡ್ ಡಿಸ್ಕನ್ನು ಲಿನಕ್ಸ್‌ನಲ್ಲಿ ಸಿದ್ಧಪಡಿಸುವುದು ಹೇಗೆ?

ತೋಟದ ಮಳೆ ಲೆಕ್ಕ, ಹೋಂಸ್ಟೇ ಕ್ಯಾಮೆರಾದ ದೃಶ್ಯಗಳು, 2018ರ ಭೂಕುಸಿತದ ಚಿತ್ರಗಳು: ಕೊಡಗಿನ ಮನೆಗಳಲ್ಲಿ ಜೋಪಾನ ಮಾಡಬೇಕಾದ ಕಡತಗಳು ಬೇಕಾದಷ್ಟಿವೆ. ಒಮ್ಮೆ ಬರೆದು ಹಲವು ಸಲ ಓದುವ ಇಂಥವಕ್ಕೆ ಝೋನ್ಡ್ ಡಿಸ್ಕ್ ಚೆನ್ನಾಗಿ ಒಗ್ಗುತ್ತದೆ.

ಇದರಲ್ಲಿ ದತ್ತಾಂಶದ ಪಥಗಳು ಹಂಚಿನ ಮಾಡಿನಂತೆ ಒಂದರ ಮೇಲೊಂದು ತುಸು ಚಾಚಿಕೊಂಡಿರುತ್ತವೆ. ನಡುವಿನದೊಂದನ್ನು ತಿದ್ದಹೊರಟರೆ ಪಕ್ಕದ್ದೂ ಅಳಿಯುತ್ತದೆ. ಹಾಗಾಗಿ ಡಿಸ್ಕನ್ನು ಸಾಮಾನ್ಯವಾಗಿ 256 ಎಂಬಿಯ ವಲಯಗಳಾಗಿ ವಿಂಗಡಿಸಿರುತ್ತಾರೆ. ವಲಯದೊಳಗೆ ಸಾಲಾಗಿಯೇ ಬರೆಯಬೇಕು; ಮತ್ತೆ ಬರೆಯಬೇಕಾದರೆ ಇಡೀ ವಲಯವನ್ನು ರೀಸೆಟ್ ಮಾಡಬೇಕು, ಅಂದರೆ ಖಾಲಿ ಮಾಡಿ ಮೊದಲಿನಿಂದ ಶುರುಮಾಡಬೇಕು.

ಮೊದಲು ಡಿಸ್ಕಿನ ಜಾತಿ ತಿಳಿಯಿರಿ. ಡಿಸ್ಕ್‌ಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಆದೇಶದಲ್ಲಿ ಝೋನ್ಡ್ ಕಾಲಂ ಕೇಳಿ. 'ಹೋಸ್ಟ್-ಮ್ಯಾನೇಜ್ಡ್' (ವಲಯಗಳನ್ನು ಕಂಪ್ಯೂಟರೇ ನಿಭಾಯಿಸಬೇಕಾದ ಡಿಸ್ಕ್) ಎಂದು ಬಂದರೆ ಮಾತ್ರ ಮುಂದಿನ ಹಂತಗಳು ಬೇಕು. 'ನನ್' (none) ಎಂದು ಬಂದರೆ ಅದು ಮಾಮೂಲಿ ಡಿಸ್ಕ್, ಇಲ್ಲವೇ ವಲಯಗಳನ್ನು ತಾನೇ ನಿಭಾಯಿಸಿಕೊಂಡು ನಮಗೆ ತೋರಿಸದ ಡಿಸ್ಕ್. ಬಳಸಿದ ಡಿಸ್ಕ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಇದನ್ನು ಮೊದಲೇ ವಿಚಾರಿಸುವುದು ಒಳ್ಳೆಯದು. ಹೋಸ್ಟ್-ಮ್ಯಾನೇಜ್ಡ್ ಡಿಸ್ಕ್ ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೆಲಸ ಮಾಡೀತೆಂದು ನಂಬಬೇಡಿ. ಮದರ್‌ಬೋರ್ಡಿನ ಸಾಟಾ ಪೋರ್ಟಿಗೆ ನೇರವಾಗಿ ಜೋಡಿಸಿ.

ಲಿನಕ್ಸ್‌ನ ತಿರುಳಾದ ಕರ್ನಲ್ 2017ರ 4.10 ಆವೃತ್ತಿಯಿಂದ ಇಂಥ ಡಿಸ್ಕ್‌ಗಳನ್ನು ಗುರುತಿಸುತ್ತದೆ. ಕಡತಗಳನ್ನು ಡಿಸ್ಕಿನಲ್ಲಿ ಜೋಡಿಸಿಡುವ ಬಿಟಿಆರ್‌ಎಫ್‌ಎಸ್ (Btrfs) ಎಂಬ ಫೈಲ್ ಸಿಸ್ಟಂ ಬಳಸಲು 2021ರ 5.12 ಅಥವಾ ಹೊಸದು ಬೇಕು. 6.10ಕ್ಕಿಂತ ಹಳೆಯ ಕರ್ನಲ್ ಆದರೆ ಡಿಸ್ಕಿಗೆ ಹೋಗುವ ಬರಹಗಳ ಸರದಿ ನಿರ್ಧರಿಸುವ ಶೆಡ್ಯೂಲರ್ 'ಎಂಕ್ಯೂ-ಡೆಡ್‌ಲೈನ್' (mq-deadline) ಆಗಿರಲಿ.

ಇನ್ನು ಫಾರ್ಮ್ಯಾಟ್. ಡಿಸ್ಕಿನಲ್ಲಿ ಇರುವುದೆಲ್ಲ ಅಳಿಯುವುದರಿಂದ ಹೆಸರನ್ನು ಎರಡು ಬಾರಿ ನೋಡಿ. ಪಾರ್ಟಿಷನ್ ಮಾಡುವಂತಿಲ್ಲ. ಇಡೀ ಡಿಸ್ಕಿಗೆ ಬಿಟಿಆರ್‌ಎಫ್‌ಎಸ್‌ನ ಎಂಕೆಎಫ್‌ಎಸ್ (mkfs) ಆದೇಶವನ್ನು ಝೋನ್ಡ್ ಆಯ್ಕೆಯೊಂದಿಗೆ ಕೊಟ್ಟು, ಬಳಕೆಗೆ ತೆರೆಯಲು ಮೌಂಟ್ ಮಾಡಿ. ಲಿನಕ್ಸ್‌ನ ಮಾಮೂಲಿ ಫೈಲ್ ಸಿಸ್ಟಂ ಎಕ್ಸ್ಟ್4 (ext4) ಇದರ ಮೇಲೆ ನೇರವಾಗಿ ಕೂರುವುದಿಲ್ಲ. ನಡುವೆ ಈ ಡಿಸ್ಕನ್ನು ಮಾಮೂಲಿ ಡಿಸ್ಕಿನಂತೆ ತೋರಿಸುವ ಡಿಎಂ-ಝೋನ್ಡ್ (dm-zoned) ಪದರ ಬೇಕು.

ಒಂದು ದೊಡ್ಡ ವಿಡಿಯೊ ನಕಲಿಸಿ, ವಲಯಗಳ ಸ್ಥಿತಿ ತೋರಿಸುವ ಬಿಎಲ್‌ಕೆಝೋನ್ (blkzone) ರಿಪೋರ್ಟ್ ತೆರೆಯಿರಿ. ಪ್ರತಿ ಸಾಲೂ ಒಂದು ವಲಯ. 256 ಎಂಬಿ ವಲಯದ ಉದ್ದ ಹೆಕ್ಸ್ (16ರ ಆಧಾರದ) ಅಂಕಿಯಲ್ಲಿ ಕಾಣುತ್ತದೆ, ಅಂದರೆ 512 ಬೈಟಿನ 5,24,288 ಸೆಕ್ಟರ್. ಎಲ್ಲಿಯವರೆಗೆ ಬರೆದಾಗಿದೆ ಎಂದು ಹೇಳುವ ಪಕ್ಕದ ರೈಟ್ ಪಾಯಿಂಟರ್ ಸೊನ್ನೆಯಿಂದ ಮುಂದೆ ಸರಿದಿದ್ದರೆ ಬರಹ ಆ ವಲಯಕ್ಕೆ ಇಳಿದಿದೆ. ಯಾವುದನ್ನೂ ಬಚ್ಚಿಡದ ಈ ಪಾರದರ್ಶಕತೆಗಾಗಿಯೇ ನನಗೆ ಲಿನಕ್ಸ್ ಇಷ್ಟ.

ಪದೇ ಪದೇ ತಿದ್ದಲಾಗುವ ಡೇಟಾಬೇಸ್, ಸ್ವಾಪ್ ಫೈಲ್ (ಮೆಮೊರಿ ಸಾಲದಾದಾಗ ಬಳಸುವ ಕಡತ) ಇದರಲ್ಲಿ ಬೇಡ. ಅಳಿಸಿದ ಕಡತದ ಜಾಗ ವಲಯ ರೀಸೆಟ್ ಆಗುವವರೆಗೆ ಮರಳಿ ಸಿಗದು. ಆದ್ದರಿಂದ ಡಿಸ್ಕನ್ನು ಅಂಚಿನವರೆಗೆ ತುಂಬಬೇಡಿ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಬಿಟಿಆರ್‌ಎಫ್‌ಎಸ್ ಕೊನೆಯ ಸುಸ್ಥಿತಿಗೆ ಮರಳುತ್ತದೆ, ಆದರೆ ಸುಮಾರು 30 ಸೆಕೆಂಡಿನ ಬರಹ ಕೈತಪ್ಪಬಹುದು. ಯುಪಿಎಸ್ ಇರಲಿ, ನಕಲು ಮುಗಿದೊಡನೆ ಮೆಮೊರಿಯಲ್ಲಿ ಉಳಿದ ಬರಹವನ್ನು ಡಿಸ್ಕಿಗೆ ಇಳಿಸುವ ಸಿಂಕ್ (sync) ಆದೇಶ ಕೊಟ್ಟು, ಆಮೇಲೆ ಮೂಲ ಕಡತವನ್ನು ಅಳಿಸಿ.