ಸಿರ್ಸಿ ಕಡೆ ಹಳೇ ಮನೆ ನೋಡುವುದಾದರೆ ಆಲೆಮನೆ ಹೊತ್ತಿಗೆ ಬನ್ನಿ

ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳ ನಡುವಿನ ಹಳೇ ದೊಡ್ಡಮನೆಗಳನ್ನು ನೋಡಬೇಕು ಅಂತ ಬಹಳ ಜನ ಕೇಳುತ್ತಾರೆ. ಮೊದಲು ಒಂದು ಮಾತು, ಇವು ಮ್ಯೂಸಿಯಂ ಅಲ್ಲ. ಟಿಕೆಟ್ ಇಲ್ಲ, ಬೋರ್ಡ್ ಇಲ್ಲ. ನೀವು ಫೋಟೋ ತೆಗೆಯಬೇಕು ಅಂದುಕೊಂಡ ಜಗುಲಿಯ ಮೇಲೆ ಅಜ್ಜ ಮಧ್ಯಾಹ್ನದ ನಿದ್ದೆಯಲ್ಲಿರುತ್ತಾರೆ. ಪರಿಚಯದವರ ಮೂಲಕವೋ, ಹೋಮ್‌ಸ್ಟೇ ನಡೆಸುವ ಮನೆಗೋ ಮೊದಲೇ ಫೋನ್ ಮಾಡಿ. ನಾನೊಮ್ಮೆ ನಾಲ್ಕು ಜನರನ್ನು ಕಟ್ಟಿಕೊಂಡು ಊಟದ ಹೊತ್ತಿಗೆ ಸುಮ್ನೆ ಹೋಗಿ ನಿಂತಿದ್ದೆ. ನಗುತ್ತಲೇ ಬಾಳೆಲೆ ಹಾಕಿದರು. ಆದರೆ ಒಳಗೆ ಎರಡನೇ ಸಲ ಅಕ್ಕಿ ತೊಳೆಯುವ ಸದ್ದು ಕೇಳಿ ನನಗೆ ತುತ್ತು ಇಳಿಯಲಿಲ್ಲ.

ಮಳೆಗಾಲದಲ್ಲಿ ಮನೆ ಚಂದ ಕಾಣುತ್ತದೆ, ರಕ್ತ ಹೀರುವ ಉಂಬಳವೂ (ಜಿಗಣೆ) ಜಾಸ್ತಿ. ಚಳಿಗಾಲ ಬಂದರೆ ಅಡಿಕೆ ಕೊಯ್ಲು, ಆಗ ಮನೆಗೆ ಮನೆಯೇ ಕೆಲಸದಲ್ಲಿರುತ್ತದೆ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸಿ ಒಣಗಿಸಿದರೆ ಕೆಂಪಡಿಕೆ, ಹಣ್ಣಾದದ್ದನ್ನು ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಅಂಗಳದಲ್ಲಿ ಹರವಿದ್ದನ್ನು ಚಪ್ಪಲಿಯಲ್ಲಿ ಮೆಟ್ಟಬೇಡಿ, ಅದು ಅವರ ವರ್ಷದ ದುಡ್ಡು.

ಒಳಗೆ ಹೋಗುವಾಗ ತಲೆ ಬಗ್ಗಿಸಿ. ಮಳೆ ಓರೆಯಾಗಿ ಹೊಡೆಯುವ ಊರು, ಅದಕ್ಕೇ ಮನೆಯ ಮಾಡು (ಸೂರು) ಅಷ್ಟು ಕೆಳಗೆ ಇಳಿದಿರುತ್ತದೆ. ಕೂತ ಕೂಡಲೇ 'ಆಸ್ರಿಗೆ ಏನು?' ಅಂತ ಕೇಳುತ್ತಾರೆ, ಅಂದರೆ ಕುಡಿಯಲು ಏನು ಬೇಕು ಅಂತ. ಬೇಡ ಅನ್ನಬೇಡಿ. ಆಮೇಲೆ ಕವಳದ (ಎಲೆ ಅಡಿಕೆಯ) ತಟ್ಟೆ ಬರುತ್ತದೆ, ಅದನ್ನು ಬೇಕಿದ್ದರೆ ಬಿಡಬಹುದು. ಕಂಬದ ಕೆತ್ತನೆ ಎಲ್ಲರೂ ನೋಡುತ್ತಾರೆ. ನೀವು ಕೇಳಿಕೊಂಡು ಬಚ್ಚಲುಮನೆಯನ್ನೂ ನೋಡಿ, ಮಸಿ ಹಿಡಿದ ಆ ತಾಮ್ರದ ಹಂಡೆಯಲ್ಲಿ ಒಂದು ಮಗು ಆರಾಮಾಗಿ ಕೂರಬಹುದು. ದೇವರ ಕೋಣೆಗೂ ಅಡುಗೆಮನೆಗೂ ಕರೆದರೆ ಮಾತ್ರ ಹೋಗಿ.

ಆದರೆ ನನ್ನ ಕೇಳಿದರೆ ಜನವರಿಯಿಂದ ಮಾರ್ಚ್ ಒಳಗೆ, ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆಮನೆ ಹೂಡಿದಾಗಲೇ ಬರಬೇಕು. ಮೊದಲು ಕೋಣಗಳು ಗಾಣ ತಿರುಗಿಸುತ್ತಿದ್ದವು, ಈಗ ಹೆಚ್ಚಿನ ಕಡೆ ಮಷಿನ್. ಉಳಿದದ್ದೆಲ್ಲ ಹಾಗೇ ಇದೆ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ಕುದಿಯುತ್ತದೆ, ಬೆಲ್ಲದ ವಾಸನೆ ತೋಟದ ಆಚೆಗೂ ಹೋಗುತ್ತದೆ, ಅಕ್ಕಪಕ್ಕದ ಮನೆಯವರು ಮಂಡಕ್ಕಿ, ಮಿರ್ಚಿ ಹಿಡಿದು ಬರುತ್ತಾರೆ. ಹಾಲಿಗೆ ಶುಂಠಿ, ಲಿಂಬು ಹಿಂಡಿ ಕೊಡುತ್ತಾರೆ. ಮೂರು ಲೋಟಕ್ಕೆ ನಿಲ್ಲಿಸಿ, ರಾತ್ರಿ ಹೊಟ್ಟೆ ನಿಮ್ಮದೇ ಅಲ್ವಾ.

ಯಾರಾದರೂ ತೊಡೆದೇವು ಅನ್ನುವ ಸಿಹಿತಿಂಡಿ ಮಾಡುತ್ತಿದ್ದರೆ ಪಕ್ಕದಲ್ಲಿ ಕೂರಿ. ಮಡಕೆಯನ್ನು ಬೋರಲಾಗಿ ಒಲೆ ಮೇಲೆ ಇಟ್ಟಿರುತ್ತಾರೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ತೆಳ್ಳಗಿನ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಮಡಕೆ ಬೆನ್ನಿಗೆ ಒಮ್ಮೆ ಎಳೆಯುತ್ತಾರೆ, ಹಿಟ್ಟು ಕ್ಷಣದಲ್ಲಿ ಕಾಗದದಂತೆ ಎದ್ದುಬರುತ್ತದೆ, ಬಿಸಿ ಇರುವಾಗಲೇ ಮಡಚಬೇಕು. ನಾನು ಮಡಚಿದ್ದು ಎಲ್ಲವೂ ಪುಡಿ. ಪುಡಿಯೂ ರುಚಿಯಾಗೇ ಇತ್ತು.

ಅದೇ ದಿನಗಳಲ್ಲಿ ಶಿವರಾತ್ರಿ ಬಂದರೆ ಸಹಸ್ರಲಿಂಗಕ್ಕೆ ಹೋಗಿ, ಸಿರ್ಸಿಯಿಂದ ಸುಮಾರು 17 ಕಿ.ಮೀ. ಆಗ ಶಾಲ್ಮಲಾ ಹೊಳೆ ಇಳಿದು ಕಲ್ಲಿನ ಮೇಲಿನ ಲಿಂಗಗಳು ಕಾಣುತ್ತವೆ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಮಾತ್ರ ಎರಡು ವರ್ಷಕ್ಕೊಮ್ಮೆ. 2022, 2024ರಲ್ಲಿ ಆಗಿದೆ, ಲೆಕ್ಕ ನೀವೇ ಹಾಕಿಕೊಳ್ಳಿ. ಆ ವಾರ ಪೇಟೆಯಲ್ಲಿ ರೂಮಿನ ಆಸೆ ಬಿಡಿ.

ಕಾರವಾರ ಕಡೆಯಿಂದ ಬರುವವರು ಕುಮಟಾಕ್ಕೆ ಬಂದು ದೇವಿಮನೆ ಘಟ್ಟ ಹತ್ತಿ, ಕುಮಟಾದಿಂದ ಸಿರ್ಸಿ ಸುಮಾರು 60 ಕಿ.ಮೀ. ವಾಪಸ್ ಹೋಗುವಾಗ ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಒಯ್ಯುವುದಾದರೆ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿ ತನ್ನಿ. ನಾನು ನೀರಿನ ಬಾಟಲಿಯಲ್ಲಿ ತುಂಬಿಕೊಂಡಿದ್ದೆ. ಘಟ್ಟದ ಅರ್ಧ ತಿರುವಿಗೇ ಮುಚ್ಚಳ ಸಡಿಲವಾಗಿ, ಆ ಬ್ಯಾಗಿಗೆ ಈಗಲೂ ಇರುವೆ ಬರುತ್ತವೆ.