ಎಸ್ಕಫ್ಲೋನೆಯನ್ನು ಡಿಸ್ಕ್‌ನಲ್ಲಿ ಪೂರ್ತಿಯಾಗಿ ನೋಡುವುದು ಹೇಗೆ

'ದ ವಿಷನ್ ಆಫ್ ಎಸ್ಕಫ್ಲೋನೆ' ನೋಡಬೇಕು, ಯಾವ ಡಿಸ್ಕ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನನಗೆ ಖುಷಿಯಾಗುತ್ತದೆ. ನಾನು ತುಂಬಾ ಪ್ರೀತಿಸುವ ಅನಿಮೆ, ಅಂದರೆ ಜಪಾನಿನ ಅನಿಮೇಶನ್ ಸರಣಿ, ಇದು. ಅದನ್ನು ಅರ್ಧಂಬರ್ಧ ನೋಡಿ, 'ಪರವಾಗಿಲ್ಲ' ಅಂದು ಬಿಟ್ಟವರನ್ನೂ ಕಂಡಿದ್ದೇನೆ. ಅವರಲ್ಲಿ ಎಷ್ಟೋ ಜನಕ್ಕೆ ಸಿಕ್ಕಿದ್ದು ಕತ್ತರಿಸಿದ ಆವೃತ್ತಿ. ಹಾಗಾಗಿ ತಗೊಳ್ಳುವ ಮೊದಲು, ಪ್ಲೇ ಒತ್ತುವ ಮೊದಲು ಏನೇನು ನೋಡಿಕೊಳ್ಳಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ಆವೃತ್ತಿಯ ವಿಷಯ. ಈ ಸರಣಿ ಜಪಾನಿನ ಟಿವಿ ಟೋಕಿಯೊದಲ್ಲಿ 1996ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಂತು. ಸನ್‌ರೈಸ್ ಸ್ಟುಡಿಯೊದ ಕೆಲಸ, ಕಝುಕಿ ಅಕಾನೆ ನಿರ್ದೇಶನ, 26 ಕಂತು. ಟಿವಿಯ ಸಮಯಕ್ಕೆ ಹೊಂದಿಸಲು ಮೊದಲ ಏಳು ಕಂತುಗಳಲ್ಲಿ ಕೆಲವು ದೃಶ್ಯಗಳನ್ನು ತೆಗೆದಿದ್ದರು. ಜಪಾನಿನಲ್ಲಿ ಹೋಮ್ ವಿಡಿಯೊ ಬಂದಾಗ ಅವನ್ನು ಮತ್ತೆ ಸೇರಿಸಿದರು. ಅಂದರೆ ಈ ಕಥೆ ಪೂರ್ತಿಯಾಗಿದ್ದದ್ದು ಪ್ರಸಾರದಲ್ಲಿ ಅಲ್ಲ, ಮನೆಯಲ್ಲಿ ನೋಡುವ ಪ್ರತಿಯಲ್ಲಿ.

ಅಮೆರಿಕದಲ್ಲಿ ಇನ್ನೂ ಜಾಸ್ತಿ ಕತ್ತರಿ ಬಿತ್ತು. 2000ದಲ್ಲಿ ಫಾಕ್ಸ್ ಕಿಡ್ಸ್ ಇದನ್ನು ಹಾಕಿದಾಗ ಮೊದಲ ಕಂತನ್ನೇ ಬಿಟ್ಟರು, ಸಂಗೀತವನ್ನೂ ಅಲ್ಲಲ್ಲಿ ಬದಲಾಯಿಸಿದರು. ಹತ್ತು ಕಂತಾದ ಮೇಲೆ ನಿಲ್ಲಿಸಿಯೇ ಬಿಟ್ಟರು. ಮೊದಲ ಕಂತು ಹೋದರೆ ಏನಾಗುತ್ತದೆ ಗೊತ್ತಾ? ಕಥೆಯ ನಾಯಕಿ ಹಿತೋಮಿ ಶಾಲೆಯ ಓಟಗಾರ್ತಿ. ಸೀನಿಯರ್ ಹುಡುಗ ಅಮಾನೋ ಮೇಲೆ ಅವಳಿಗೆ ಪ್ರೀತಿ. ಅವನ ಮುಂದೆ ಟ್ರ್ಯಾಕ್ ಮೇಲೆ ಓಡುವಾಗ ಬೆಳಕಿನ ಕಂಬದೊಳಗಿಂದ ವಾನ್ ಎಂಬ ಹುಡುಗ ಬಂದು ನಿಲ್ಲುತ್ತಾನೆ, ಹಿಂದೆಯೇ ಡ್ರ್ಯಾಗನ್. ಆಮೇಲೆ ಅವಳು ಗಾಯಾ ಲೋಕಕ್ಕೆ ಹೋಗುತ್ತಾಳೆ. ಅಲ್ಲಿನ ಆಕಾಶದಲ್ಲಿ ಭೂಮಿ, ಚಂದ್ರ ಎರಡೂ ಕಾಣುತ್ತವೆ. ಅಲ್ಲಿ ಸಿಗುವ ಅಲೆನ್ ಎಂಬ ಕತ್ತಿವೀರನ ಮುಖ ಥೇಟ್ ಅಮಾನೋ ಥರ! ಅವನನ್ನು ಕಂಡ ಕೂಡಲೇ ಇವಳ ಎದೆ ಯಾಕೆ ಹೊಡೆದುಕೊಂಡಿತು ಅನ್ನುವುದು ಮೊದಲ ಕಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತದೆ. ವಾನ್, ಅಲೆನ್, ಹಿತೋಮಿ ನಡುವಿನ ಎಲ್ಲ ತಳಮಳದ ಬೇರು ಅಲ್ಲಿದೆ. ಅದನ್ನು ಕಿತ್ತರೆ ಉಳಿಯುವುದು ಮನುಷ್ಯರು ಒಳಗೆ ಕೂತು ನಡೆಸುವ ದೊಡ್ಡ ಕವಚಗಳ ಯುದ್ಧ ಅಷ್ಟೇ.

ಹಾಗಾಗಿ ಸೆಟ್‌ನ ವಿವರದಲ್ಲಿ ಎರಡು ಸಂಗತಿ ಹುಡುಕಿ. 26 ಕಂತೂ ಇವೆಯಾ, ಮೊದಲ ಏಳು ಕಂತು ಹೋಮ್ ವಿಡಿಯೊ ಆವೃತ್ತಿಯವಾ? ಇಂಗ್ಲಿಷ್ ಡಬ್ಬಿಂಗ್ ಬೇಕಿದ್ದವರು ಇದನ್ನು ಇನ್ನೂ ಗಮನಿಸಬೇಕು. ಹಳೆಯ ಡಬ್ಬಿಂಗ್ ಆಗಿದ್ದು ಚಿಕ್ಕ ಆವೃತ್ತಿಗೆ. ಮುಂದೆ ಫ್ಯೂನಿಮೇಶನ್ ಸಂಸ್ಥೆ ಕಿಕ್‌ಸ್ಟಾರ್ಟರ್‌ನಲ್ಲಿ ಅಭಿಮಾನಿಗಳಿಂದ ಹಣ ಕೂಡಿಸಿ, ಸೇರಿಸಿದ ದೃಶ್ಯಗಳೂ ಇರುವಂತೆ ಹೊಸದಾಗಿ ಡಬ್ ಮಾಡಿಸಿತು. ಅದರ ಬ್ಲೂ-ರೇ ಬಂದದ್ದು 2016ರಲ್ಲಿ. ನನ್ನನ್ನು ಕೇಳಿದರೆ ಇದೇ ಪೀಳಿಗೆಯ ಸೆಟ್ ತಗೊಳ್ಳಿ.

ಬ್ಲೂ-ರೇ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಇದು ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಕೈಯಲ್ಲಿ ಬಣ್ಣ ಹಚ್ಚಿ, ಫಿಲ್ಮ್‌ನಲ್ಲಿ ಸೆರೆಹಿಡಿದ ಕಾಲದ ಕೆಲಸ. ಫಿಲ್ಮ್ ಇದ್ದರೆ ಅದನ್ನು ಮತ್ತೆ ಸ್ಕ್ಯಾನ್ ಮಾಡಬಹುದು. ಡಿವಿಡಿಯಲ್ಲಿ ಕಾಣದ ಗೆರೆ, ಕುಂಚದ ಗುರುತು ಬ್ಲೂ-ರೇಯಲ್ಲಿ ಕಾಣುತ್ತವೆ. 2000ದ ನಂತರ ಕಂಪ್ಯೂಟರಿನಲ್ಲಿ ಬಣ್ಣ ಹಚ್ಚಿ ಕಡಿಮೆ ರೆಸಲ್ಯೂಶನ್‌ನಲ್ಲೇ ಮುಗಿಸಿದ ಎಷ್ಟೋ ಸರಣಿಗಳಿಗೆ ಈ ಭಾಗ್ಯ ಇಲ್ಲ. ಅವುಗಳ ಬ್ಲೂ-ರೇ ಅಂದರೆ ಹಿಗ್ಗಿಸಿದ ಚಿತ್ರವೇ.

ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ಪ್ರದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಅನ್ನುವ ಗುರುತು, ಬೇಸರದ ವಿಷಯ, ಆದರೂ ನೋಡಲೇಬೇಕು. ಬ್ಲೂ-ರೇಯಲ್ಲಿ ಜಪಾನ್, ಅಮೆರಿಕ, ಆಗ್ನೇಯ ಏಷ್ಯಾ 'ಎ'. ಯುರೋಪ್, ಆಫ್ರಿಕಾ, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. ಡಿಸ್ಕ್ ಮೇಲಿನ ಅಕ್ಷರ ನಿಮ್ಮ ಪ್ಲೇಯರ್‌ಗೆ ಹೊಂದಬೇಕು, ಇಲ್ಲವೇ ಎಲ್ಲ ರೀಜನ್ ಓದುವ ಪ್ಲೇಯರ್ ಬೇಕು. ಕಂಪ್ಯೂಟರ್ ಡ್ರೈವ್‌ನಲ್ಲಿ ಡಿವಿಡಿ ಹಾಕುವವರು ಎಚ್ಚರ: ಸಾಮಾನ್ಯವಾಗಿ ಐದು ಸಲ ಮಾತ್ರ ರೀಜನ್ ಬದಲಿಸಬಹುದು, ಆಮೇಲೆ ಅದು ಕೊನೆಯದರಲ್ಲೇ ನಿಂತುಬಿಡುತ್ತದೆ. ಜಪಾನಿನಲ್ಲಿ ಮಾರುವ ಡಿಸ್ಕ್‌ಗಳಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಸಾಮಾನ್ಯವಾಗಿ ಇರುವುದಿಲ್ಲ. ಪೆಟ್ಟಿಗೆಯ ಚಂದ ನೋಡಿ ಮರುಳಾಗಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಡಿಸ್ಕ್‌ನ ಕೆಳಬದಿಯ ಫೋಟೊ ಕೇಳಿ, ಸುಮ್ನೆ ಪೆಟ್ಟಿಗೆಯ ಫೋಟೊ ಸಾಲದು. ನನಗೊಬ್ಬರು 'ಹೊಸದರ ಹಾಗಿದೆ' ಅಂತ ಕಳಿಸಿದ ಡಿವಿಡಿ ಸೆಟ್‌ನ ಕೊನೆಯ ಡಿಸ್ಕ್ ತುಂಬಾ ಗೀರು. ಕೊನೆಯ ಕಂತು ಮಧ್ಯದಲ್ಲೇ ನಿಂತಿತು. ಅದೂ ಈ ಕಥೆಯ ಕೊನೆಯ ಕಂತು! ಎಷ್ಟು ಬೇಜಾರಾಯಿತು ಅಂತ ಹೇಳಲಾರೆ. ಇನ್ನು, 26 ಕಂತನ್ನು ಎರಡು ಮೂರು ಡಿವಿಡಿಗೆ ತುರುಕಿದ್ದರೆ, 'ಆಲ್ ರೀಜನ್' ಅಂತ ಬರೆದು ಚೀನೀ ಸಬ್‌ಟೈಟಲ್ ಜೊತೆ ಬಂದರೆ ಅದು ಬಹುತೇಕ ನಕಲಿ. ಮುಟ್ಟಬೇಡಿ.

ಈಗ ಟಿವಿ. ಸರಣಿಯ ಚೌಕಟ್ಟು 4:3. ಅಗಲ ಟಿವಿಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರಬೇಕು. ಬರದಿದ್ದರೆ ಟಿವಿ ಚಿತ್ರವನ್ನು ಎಳೆದಿದೆ ಅಥವಾ ತಲೆ, ಗದ್ದ ಕತ್ತರಿಸಿದೆ ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ 'ಒರಿಜಿನಲ್' ಅಥವಾ '4:3' ಆರಿಸಿ. ನೊಬುತೆರು ಯೂಕಿ ಬರೆದ ಆ ಚೂಪು ಮೂಗಿನ ಉದ್ದ ಮುಖಗಳನ್ನು ಅಗಲ ಮಾಡಿ ನೋಡುವುದು ನನ್ನಿಂದ ಸಾಧ್ಯವೇ ಇಲ್ಲ. ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಅನಿಮೆಯಲ್ಲಿ ಒಂದೇ ಚಿತ್ರ ಎರಡು ಮೂರು ಫ್ರೇಮ್ ನಿಲ್ಲುತ್ತದೆ, ಟಿವಿ ತನ್ನ ಕಡೆಯಿಂದ ನಡುವೆ ಚಿತ್ರ ಸೇರಿಸಿದರೆ ಅಂಚುಗಳು ಕಲಸಿಹೋಗುತ್ತವೆ. ನಾಯ್ಸ್ ರಿಡಕ್ಷನ್ ಕೂಡ ಬೇಡ. ಚಿತ್ರದ ಮೇಲೆ ಸಣ್ಣ ಮರಳಿನ ಹಾಗೆ ಕಾಣುವುದು ಫಿಲ್ಮ್ ಗ್ರೇನ್, ದೋಷವಲ್ಲ.

ಧ್ವನಿಗೆ ಜಪಾನಿ ಟ್ರ್ಯಾಕ್ ಹಾಕಿ. ಡಬ್ಬಿಂಗ್ ಇಷ್ಟಪಡುವವರ ಜೊತೆ ನನಗೆ ಜಗಳವಿಲ್ಲ. ಆದರೆ ಹಿತೋಮಿಗೆ ಧ್ವನಿ ಕೊಟ್ಟ ಮಾಯಾ ಸಕಾಮೊಟೊಗೆ ಆಗಷ್ಟೇ 16 ವರ್ಷ. ಹಿತೋಮಿ ತಡವರಿಸುವಾಗ, ಸಿಟ್ಟಾಗುವಾಗ ಕೇಳಿಸುವುದು ನಿಜವಾಗಿಯೂ ಆ ವಯಸ್ಸಿನ ಹುಡುಗಿಯ ದನಿ. ಶುರುವಿನ ಹಾಡನ್ನು ಹಾಡಿದ್ದೂ ಅವಳೇ. ಅದನ್ನು ಸ್ಕಿಪ್ ಮಾಡಬೇಡಿ. ಸಂಗೀತ ಯೋಕೊ ಕನ್ನೊ ಮತ್ತು ಹಾಜಿಮೆ ಮಿಝೊಗುಚಿ ಅವರದು, ನುಡಿಸಿದ್ದು ಪೋಲೆಂಡಿನ ವಾರ್ಸಾ ಫಿಲ್‌ಹಾರ್ಮೋನಿಕ್. ಟಿವಿಯ ಪುಟ್ಟ ಸ್ಪೀಕರ್‌ನಲ್ಲಿ ಆ ಕೋರಸ್ ಸತ್ತುಹೋಗುತ್ತದೆ. ಒಳ್ಳೆಯ ಹೆಡ್‌ಫೋನ್ ಆದರೂ ಇರಲಿ.

ಮೆನುವಿನಲ್ಲಿ ಎರಡು ಇಂಗ್ಲಿಷ್ ಸಬ್‌ಟೈಟಲ್ ಕಂಡರೆ ಗಾಬರಿ ಬೇಡ. ಒಂದು ಡಬ್ಬಿಂಗ್ ನೋಡುವವರಿಗೆ, ಫಲಕ ಮತ್ತು ಹಾಡು ಮಾತ್ರ. ಇನ್ನೊಂದು ಪೂರ್ತಿ ಮಾತು. ಜಪಾನಿ ಧ್ವನಿಗೆ ಎರಡನೆಯದೇ ಬೇಕು.

ನೋಡುವ ವೇಗದ ಬಗ್ಗೆ ಒಂದು ಮಾತು. ಕಂತಿಗೆ ಸುಮಾರು 24 ನಿಮಿಷ, ಒಟ್ಟು ಹತ್ತು ಗಂಟೆಗೂ ಜಾಸ್ತಿ. ಮೊದಲ ಎರಡನ್ನು ಒಟ್ಟಿಗೆ ನೋಡಿ. ಒಂದರಲ್ಲಿ ಹಿತೋಮಿಯ ಲೋಕ ಕಳೆದುಹೋಗುತ್ತದೆ, ಎರಡರಲ್ಲಿ ವಾನ್‌ನ ಊರು ಫನೇಲಿಯಾ ಉರಿಯುತ್ತದೆ. ಇಬ್ಬರೂ ಮನೆ ಕಳಕೊಂಡವರು ಅನ್ನುವುದು ಒಂದೇ ಉಸಿರಿಗೆ ತಿಳಿಯಬೇಕು. ಆಮೇಲೆ ದಿನಕ್ಕೆ ಎರಡು ಮೂರು ಸಾಕು. ಇದನ್ನು ಮೊದಲು 39 ಕಂತಿಗೆ ಯೋಜಿಸಿ, ನಂತರ 26ಕ್ಕೆ ಇಳಿಸಿದ್ದರು. ಅದಕ್ಕೇ ಪ್ರತಿ ಕಂತಿನಲ್ಲೂ ತುಂಬಾ ನಡೆಯುತ್ತದೆ. ರಾತ್ರಿಯಿಡೀ ನೋಡಿದರೆ ಸಣ್ಣ ನೋಟ, ಅರ್ಧಕ್ಕೆ ನಿಂತ ಮಾತು ಕೈತಪ್ಪುತ್ತವೆ. ಈ ಪ್ರೀತಿ ಇರುವುದೇ ಅವುಗಳಲ್ಲಿ, ಅಲ್ವಾ?

ಡಿಸ್ಕ್‌ನ್ನು ಅಂಚಿನಲ್ಲಿ ಹಿಡಿಯಿರಿ, ಒರೆಸುವಾಗ ನಡುವಿನಿಂದ ಹೊರಕ್ಕೆ ನೇರವಾಗಿ ಒರೆಸಿ, ಸುತ್ತು ಹಾಕಬೇಡಿ. ಬ್ಲೂ-ರೇಯಲ್ಲಿ ಮಾಹಿತಿಯ ಪದರ ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಒಳಗಿದೆ. ಗಟ್ಟಿ ಲೇಪನ ಇದ್ದರೂ ಆಳದ ಗೀರನ್ನು ಅದು ತಾಳುವುದಿಲ್ಲ.

ಕೆಲವು ಕಡೆ 2000ದಲ್ಲಿ ಬಂದ ಸಿನಿಮಾವೂ ಜೊತೆಗೆ ಸಿಗುತ್ತದೆ. ಅದನ್ನು ಸರಣಿಯ ಬದಲು ನೋಡಬೇಡಿ, ಮುಂದುವರಿಕೆ ಅಂದುಕೊಂಡೂ ನೋಡಬೇಡಿ. ಅದೇ ಹೆಸರುಗಳು, ಅದೇ ನಿರ್ದೇಶಕ, ಆದರೆ ಕಥೆ ಬೇರೆ. ಅಲ್ಲಿನ ಹಿತೋಮಿ ಬದುಕೇ ಬೇಡವಾದ ಹುಡುಗಿ, ವಾನ್ ಇನ್ನೂ ಒರಟ. ನನಗೆ ಅದೂ ಇಷ್ಟ, ಆದರೆ ಸರಣಿ ಮುಗಿದ ಮಾರನೇ ದಿನವೇ ಹಾಕಿದರೆ ಎರಡೂ ಕಲಸಿಹೋಗುತ್ತವೆ. ಒಂದೆರಡು ವಾರ ಬಿಟ್ಟು ನೋಡಿ. ಅದು ಅಗಲ ಪರದೆಗೆ ಮಾಡಿದ್ದು, ಹಾಗಾಗಿ ಟಿವಿಯನ್ನು '4:3'ಕ್ಕೆ ಇಟ್ಟಿದ್ದರೆ ಮರೆಯದೆ ಬದಲಿಸಿಕೊಳ್ಳಿ.