ನಮ್ಮ ಮನೆಯವರಲ್ಲದವರ ಕಥೆ ಬರೆದು, ಪುಸ್ತಕ ನಾವೇ ತರೋದು ಹೇಗೆ?

ಕನ್ನಡದಲ್ಲಿ ಲೇಖಕರೇ ಪುಸ್ತಕ ತರೋದು ಹೊಸದೇನಲ್ಲ, ಹಿಂದೆ ಗಳಗನಾಥರು ತಾವು ಬರೆದ ಕಾದಂಬರಿಗಳ ಹೊರೆ ಹೊತ್ಕೊಂಡು ಊರೂರು ತಿರುಗಿ ಮಾರಿದವರು. ಈಗ ಅಷ್ಟು ಕಷ್ಟ ಇಲ್ಲ, ಫೋನಲ್ಲೇ ಟೈಪ್ ಮಾಡಿ ಪ್ರತಿಲಿಪಿ ಆ್ಯಪ್‌ಗೆ ಹಾಕಬಹುದು, ಬೇಕಂದ್ರೆ ಪ್ರಿಂಟ್ ಆನ್ ಡಿಮ್ಯಾಂಡಲ್ಲಿ (ಬೇಕಾದಷ್ಟೇ ಕಾಪಿ ಅಚ್ಚು ಹಾಕೋ ವ್ಯವಸ್ಥೆ) ಐವತ್ತೇ ಕಾಪಿ ತೆಗೆಸಬಹುದು, ಯಾರ ಒಪ್ಪಿಗೆಗೂ ಕಾಯ್ಬೇಕಿಲ್ಲ. ಆದ್ರೆ ಒಳ್ಳೆ ಪ್ರಕಾಶನದಲ್ಲಿ ಒಬ್ರು ಸಂಪಾದಕರು ಇರ್ತಾರೆ, "ಈ ಪಾತ್ರ ಸುಳ್ಳು ಅನ್ಸುತ್ತೆ, ಇನ್ನೊಂದ್ಸಲ ಬರೀರಿ" ಅಂತ ಹೇಳ್ತಾರೆ. ನಾವೇ ಪ್ರಕಾಶಕರಾದಾಗ ಆ ಮಾತು ಹೇಳೋರು ಯಾರೂ ಇರಲ್ಲ. ಅದಕ್ಕೇ ಬೇರೆ ಜಾತಿ, ಬೇರೆ ಧರ್ಮ, ಬೇರೆ ಊರು, ಬೇರೆ ದೇಹದ ಜನರನ್ನ ಕಥೆಗೆ ತರೋರು ಆ ವ್ಯವಸ್ಥೆನ ಕೈಯಾರೆ ಮಾಡ್ಕೋಬೇಕು, ಮತ್ತೆ ಅದಕ್ಕೆ ಮುಖಪುಟಕ್ಕಿಂತ ಮೊದಲೇ ದುಡ್ಡು ಎತ್ತಿಡ್ಬೇಕು.

ಪಾತ್ರಗಳ ಪಟ್ಟಿ ಮಾಡ್ಕೊಳ್ಳಿ

ಬರೆದಷ್ಟು ಮುಂದಿಟ್ಕೊಂಡು ಪಾತ್ರಗಳ ಹೆಸರು, ಮನೆಮಾತು, ಕಸುಬು, ಭಾನುವಾರ ಮನೇಲಿ ಏನು ಅಡುಗೆ, ಇಷ್ಟು ಬರೀರಿ. ಜಾತಿ ಬರೆದಿಲ್ಲ, ಎಲ್ರೂ ಬರೀ ಮನುಷ್ಯರು ಅಂತ ಅಂದ್ಕೊಂಡಿರ್ತೀವಿ, ಆದ್ರೆ ಅಡುಗೆಮನೆಗೆ ಯಾರು ಬರಬಹುದು, ಹಬ್ಬ ಯಾವುದು, ಅಜ್ಜಿ ಏನು ಹೇಳ್ಕೊಡ್ತಾರೆ ಅನ್ನೋದ್ರಲ್ಲಿ ಓದುಗರಿಗೆ ಎಲ್ಲ ಗೊತ್ತಾಗುತ್ತೆ, ಮತ್ತೆ ಹೆಚ್ಚಿನ ಸಲ ಅದು ಬರೆಯೋರ ಮನೆಯದ್ದೇ ಆಗಿರುತ್ತೆ. ಉಳಿದವರು ಎಲ್ಲಿದ್ದಾರೆ ಅಂತ ನೋಡಿ. ಮನೆಗೆಲಸದವರು, ಡ್ರೈವರ್, ಗ್ಯಾರೇಜಲ್ಲಿ ಕೆಲಸ ಮಾಡೋ ಹುಡುಗ, ಕೊನೇ ಚಾಪ್ಟರಲ್ಲಿ ಸಹಾಯ ಮಾಡಿ ಮಾಯ ಆಗೋ ಮುಸ್ಲಿಂ ಗೆಳೆಯ, ಹೀಗೆ ಅವರೆಲ್ಲ ನಾಯಕನ ಕೆಲಸಕ್ಕೆ ಮಾತ್ರ ಬಂದು ಹೋಗ್ತಿದ್ರೆ ಪಾತ್ರ ಇನ್ನೂ ಹುಟ್ಟಿಲ್ಲ ಅಂತ ಅರ್ಥ. ಅವರಿಗೆ ನಾಯಕನಿಗೆ ಸಂಬಂಧ ಇಲ್ಲದ ಒಂದು ಆಸೆ, ಒಂದು ಸಾಲ, ಒಂದು ಜಗಳ ಕೊಡಿ.

ಎಲ್ಲರ ಕೈಲೂ ಬಾಡಿಗೆ ಮನೆ ಹುಡುಕ್ಸಿ

ನಾನು ಹೊಸಬರಿಗೆ ಯಾವಾಗ್ಲೂ ಹೇಳೋ ಅಭ್ಯಾಸ ಇದು. ಬೆಂಗಳೂರಿನ ಒಂದೇ ಬೀದಿ, ಒಂದೇ ಟು-ಲೆಟ್ ಬೋರ್ಡು. ನಿಮ್ಮ ಪ್ರತಿ ಪಾತ್ರನೂ ಆ ಗೇಟಿನ ಮುಂದೆ ನಿಲ್ಲಿಸಿ ಹತ್ತತ್ತು ಸಾಲು ಬರೀರಿ. ಕಲಬುರಗಿಯಿಂದ ಬಂದ ಮುಸ್ಲಿಂ ನರ್ಸ್, ಸಾಫ್ಟ್‌ವೇರ್ ಕಂಪನೀಲಿರೋ ದಲಿತ ಹುಡುಗ, ವೀಲ್‌ಚೇರಲ್ಲಿ ಓಡಾಡೋ ಟೀಚರ್, ಟ್ರಾನ್ಸ್ ಮಹಿಳೆ, ಒಬ್ಬಳೇ ಇರೋ ವಿಚ್ಛೇದಿತೆ, ಜನಿವಾರ ಹಾಕಿರೋ ಹುಡುಗ. ಓನರ್ ಮೊದಲ ಪ್ರಶ್ನೆ ಯಾರಿಗೆ ಏನು ಕೇಳ್ತಾರೆ? "ನಿಮ್ದು ಯಾವೂರು, ಯಾವ ಪೈಕಿ?" ಅಂದಾಗ ಯಾರು ತಟ್ಟನೆ ಉತ್ತರ ಹೇಳ್ತಾರೆ, ಯಾರು ಬೇರೆ ಊರಿನ ಹೆಸರು ಹೇಳಿ ಮಾತು ಬದಲಾಯಿಸ್ತಾರೆ, ಯಾರು ವೆಜ್ ಓನ್ಲಿ ಅನ್ನೋದು ಓದಿ ಗೇಟು ತೆಗೆಯದೇ ಮುಂದೆ ಹೋಗ್ತಾರೆ, ಯಾರು ಬಾಗಿಲ ಮುಂದಿನ ಎರಡು ಮೆಟ್ಟಿಲು ನೋಡಿಯೇ ವಾಪಸ್ ಹೋಗ್ತಾರೆ. ಈ ಸಾಲುಗಳು ಕಾದಂಬರಿಗೆ ಬರಬೇಕಂತಿಲ್ಲ. ಆದ್ರೆ ಹತ್ತನೇ ಸಾಲಿಗೆ ಬಂದಾಗ ಯಾವ ಪಾತ್ರದ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಅನ್ನೋದು ಸ್ಪಷ್ಟ ಆಗುತ್ತೆ, ಅಲ್ಲಿಂದ ಓಡಾಟ ಶುರು ಮಾಡಿ.

ಉದಾಹರಣೆಗೆ ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಒಬ್ಬ ಹುಡುಗಿ ನಿಮ್ಮ ನಾಯಕಿ ಅಂತಿಟ್ಕೊಳ್ಳಿ. ಗುಂಗುರು ಕೂದಲು, ಡಮಾಮಿ ಕುಣಿತ, ಓಟದ ಸ್ಪರ್ಧೆ, ಹೊರಗಿನಿಂದ ಬರೆಯೋರಿಗೆ ಈ ಮೂರೇ ಮೊದಲು ಹೊಳೆಯೋದು. ಆದ್ರೆ ಸಿದ್ದಿಗಳಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂವರೂ ಇದ್ದಾರೆ, ನಿಮ್ಮ ಹುಡುಗಿ ಯಾರು? ಅವಳ ಅಪ್ಪ ಅಡಿಕೆ ತೋಟಕ್ಕೆ ಕೂಲಿಗೆ ಹೋಗ್ತಾರಾ, ಇಲ್ಲಾ ಅರಣ್ಯ ಹಕ್ಕು ಕಾಯ್ದೆ ಅಡಿ ಜಮೀನಿಗೆ ಅರ್ಜಿ ಹಾಕಿ ಕಾಯ್ತಿದ್ದಾರಾ? ಕಥೆ ನಡೆಯೋ ವರ್ಷನೂ ಮುಖ್ಯ, ಉತ್ತರ ಕನ್ನಡದ ಸಿದ್ದಿಗಳನ್ನ ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ, 1995ರ ಕಥೇಲಿ ಅವಳ ಕೈಯಲ್ಲಿ ಎಸ್‌ಟಿ ಸರ್ಟಿಫಿಕೇಟ್ ಇದ್ರೆ ಆ ಊರಿನ ಓದುಗರು ಅಲ್ಲೇ ಪುಸ್ತಕ ಮುಚ್ತಾರೆ. ಟ್ರಾನ್ಸ್ ಪಾತ್ರಕ್ಕೂ ಇದೇ ಮಾತು, ತೃತೀಯ ಲಿಂಗಕ್ಕೆ ಸುಪ್ರೀಂ ಕೋರ್ಟ್ ಮಾನ್ಯತೆ ಕೊಟ್ಟಿದ್ದು 2014ರ ಏಪ್ರಿಲ್‌ನಲ್ಲಿ, ಅದಕ್ಕಿಂತ ಮುಂಚೆ ನಡೆಯೋ ಕಥೇಲಿ ಅವರು ಒಂದು ಫಾರಂ ತುಂಬೋದೂ ಬೇರೆ ಥರದ ಅನುಭವ.

ಮಾತು ಕಿವಿಯಿಂದ ಬರಲಿ

ಸಿನಿಮಾದಲ್ಲಿ ಕೇಳಿ ಕಲಿತ "ನಿಮ್ದೂಕೆ ನಮ್ದೂಕೆ" ಕನ್ನಡನ ಮುಸ್ಲಿಂ ಪಾತ್ರದ ಬಾಯಿಗೆ ಹಾಕೋದನ್ನ ದಯವಿಟ್ಟು ಬಿಡಿ. ಮಂಗಳೂರಿನ ಬ್ಯಾರಿ ಹುಡುಗ ಮನೇಲಿ ಬ್ಯಾರಿ, ಪೇಟೇಲಿ ತುಳು, ಶಾಲೇಲಿ ಕನ್ನಡ ಮಾತಾಡ್ತಾನೆ, ಭಟ್ಕಳದ ನವಾಯತರದ್ದು ಇನ್ನೊಂದು ಮಾತು, ಬೀದರ್ ಕಡೆ ದಖನಿ. ಹಾಗೇ ಉತ್ತರ ಕರ್ನಾಟಕ ಅಂದ ತಕ್ಷಣ ಎಲ್ಲರ ಬಾಯಲ್ಲೂ ಒಂದೇ ಥರ "ಯಾಕಲೇ" ಅನ್ನಿಸೋದು. ಧಾರವಾಡ ಒಂದೇ ಊರಲ್ಲಿ ಒಂದು ಓಣಿಯವರು "ಮಾಡ್ಲಿಕತ್ತೀನಿ" ಅಂದ್ರೆ ಇನ್ನೊಂದು ಓಣಿಯವರು "ಮಾಡಾಕತ್ತೇನಿ" ಅಂತಾರೆ. ಬಸ್‌ಸ್ಟ್ಯಾಂಡಲ್ಲಿ, ಸಂತೇಲಿ ಕೂತು ಕೇಳಿ, ಪರಿಚಯದವರ ಜೊತೆ ಕೂತು ಡೈಲಾಗುಗಳನ್ನ ಜೋರಾಗಿ ಓದಿಸಿ, ಅವರ ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ಗುರುತು ಹಾಕ್ಕೊಳ್ಳಿ. ಪೂರ್ತಿ ಉಪಭಾಷೇಲಿ ಬರೆಯೋಕೆ ಧೈರ್ಯ ಇಲ್ಲಾಂದ್ರೆ ಮನೇಲಿ ಒಬ್ಬರನ್ನೊಬ್ಬರು ಕರೆಯೋ ರೀತಿ, ಬೈಗುಳ, ಕ್ರಿಯಾಪದದ ಕೊನೆ, ಇಷ್ಟನ್ನ ಸರಿಯಾಗಿ ಹಿಡಿದ್ರೂ ಸಾಕು.

ಆ ಸಮುದಾಯದವರ ಹತ್ರ ಓದಿಸಿ, ದುಡ್ಡು ಕೊಡಿ

ಇಡೀ ಕೆಲಸದಲ್ಲಿ ಮುಖ್ಯವಾದ್ದು ಇದೇ ಅಂತ ನನ್ನ ಅಭಿಪ್ರಾಯ. ಎರಡನೇ ಡ್ರಾಫ್ಟ್ ಆದ ಮೇಲೆ, ಆ ಬದುಕು ಗೊತ್ತಿರೋ ಕಮ್ಮಿ ಅಂದ್ರೂ ಇಬ್ಬರಿಗೆ ಪ್ರಿಂಟ್ ತೆಗೆದು ಕೊಡಿ. ಒಬ್ಬರೇ ಆದ್ರೆ ಇಡೀ ಸಮುದಾಯದ ಪರವಾಗಿ ಮಾತಾಡೋ ಭಾರ ಅವರ ಮೇಲೆ ಬೀಳುತ್ತೆ. "ಚೆನ್ನಾಗಿದ್ಯಾ?" ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ, ನಮ್ಮಲ್ಲಿ ಮುಖದ ಮುಂದೆ ಬೇಡ ಅನ್ನೋದು ಕಷ್ಟ. ಅದರ ಬದಲು ಎಲ್ಲಿ ಓದೋದು ನಿಲ್ಲಿಸ್ಬೇಕು ಅನಿಸ್ತು, ಎಲ್ಲಿ ಮುಜುಗರ ಆಯ್ತು, ನಿಮ್ಮ ಮನೇಲಿ ಯಾರೂ ಹೀಗೆ ಮಾಡಲ್ಲ ಅನಿಸಿದ್ದು ಎಲ್ಲಿ, ಹೀಗೆ ಕೇಳಿ. ವಾದ ಮಾಡ್ಬೇಡಿ, ಬರ್ಕೊಳ್ಳಿ. ಇದು ಅವರ ಸಮಯ ಮತ್ತೆ ಶ್ರಮ, ಫ್ರೆಂಡೇ ಆದ್ರೂ ಕರಡು ತಿದ್ದೋರಿಗೆ ಕೊಡೋ ಹಾಗೆ ಸಂಭಾವನೆ ಕೊಡಿ. ಪುಸ್ತಕದಲ್ಲಿ ಅವರ ಹೆಸರು ಹಾಕೋ ಮುಂಚೆ ಕೇಳಿ, ಎಷ್ಟೋ ಜನರಿಗೆ ಬೇಡ ಇರುತ್ತೆ. ಅವರು ಓದಿದ್ದಾರೆ ಅನ್ನೋದನ್ನ ನಾಳೆ ಯಾರಾದ್ರೂ ಆಕ್ಷೇಪ ಎತ್ತಿದಾಗ ಗುರಾಣಿ ಮಾಡ್ಕೋಬೇಡಿ, ಬರೆದಿದ್ದರ ಹೊಣೆ ಬರೆದವರದ್ದೇ.

ಕರಡು ಮತ್ತೆ ಫಾಂಟ್

ಕರಡು ತಿದ್ದೋರಿಗೆ ಫೈಲ್ ಜೊತೆ ಒಂದು ಹಾಳೆ ಕೊಡ್ಬೇಕು, ಯಾವ ಪಾತ್ರ ಯಾವ ಮಾತಾಡುತ್ತೆ, ಯಾವ ರೂಪ ಬೇಕಂತಲೇ ಬರೆದಿದ್ದು ಅಂತ. ಇಲ್ಲಾಂದ್ರೆ ಕಷ್ಟಪಟ್ಟು ಹಿಡಿದ "ಮಾಡಾಕತ್ತೇನಿ"ನ ಅವರು ಒಳ್ಳೆ ಮನಸ್ಸಿಂದಲೇ "ಮಾಡುತ್ತಿದ್ದೇನೆ" ಮಾಡಿ ಕಳಿಸ್ತಾರೆ. ಇನ್ನೊಂದು ತಲೆನೋವು ಫಾಂಟಿಂದು. ನೀವು ಬರೆಯೋದು ಯೂನಿಕೋಡಲ್ಲಿ, ಪ್ರೆಸ್‌ನಲ್ಲಿ ಪುಟ ಕಟ್ಟೋರು ಇನ್ನೂ ಹಳೇ ನುಡಿ ಫಾಂಟಲ್ಲಿ ಇರಬಹುದು, ಆಸ್ಕಿಗೆ (ಆ ಹಳೇ ಫಾಂಟುಗಳ ಸಂಕೇತ ಪದ್ಧತಿ) ಬದಲಾಯಿಸುವಾಗ ಅರ್ಕಾವತ್ತು ಎಡವಟ್ಟಾಗುತ್ತೆ, ರ‍್ಯಾಂಕ್, ಫೇಸ್‌ಬುಕ್ ಥರದ ಪದ ಒಡೆಯುತ್ತೆ. ಯೂನಿಕೋಡಲ್ಲೇ ಪುಟ ಕಟ್ಟೋರು ಸಿಕ್ರೆ ಇಬುಕ್‌ಗೂ ಅದೇ ಫೈಲ್ ಆಗುತ್ತೆ. ಸಿಗದಿದ್ರೆ ಪುಟ ಕಟ್ಟಿದ ಮೇಲಿನ ಪಿಡಿಎಫ್‌ನ ಮೊದಲಿಂದ ಕೊನೇವರೆಗೆ ಮತ್ತೆ ಓದಲೇಬೇಕು.

ಮುಖಪುಟಕ್ಕೂ ಇದೇ ಎಚ್ಚರ. ಲಂಬಾಣಿ ಹೆಂಗಸಿನ ಕಥೆ ಅಂತ ಗೂಗಲ್‌ನಲ್ಲಿ ಸಿಕ್ಕ ಯಾರದೋ ಫೋಟೊ ಹಾಕೋ ಹಾಗಿಲ್ಲ. ಎಐ ಚಿತ್ರ ಮಾಡ್ಸಿದ್ರೆ ಕನ್ನಡಿ ಕಸೂತಿ, ಆಭರಣ ಎಲ್ಲ ಎಲ್ಲಿಂದೆಲ್ಲಿಗೋ ಸೇರ್ಕೊಂಡಿರುತ್ತೆ, ಗೊತ್ತಿರೋರಿಗೆ ತೋರಿಸದೇ ಓಕೆ ಮಾಡ್ಬೇಡಿ.

ಐಎಸ್‌ಬಿಎನ್, ಕಾಗದಪತ್ರ

ಐಎಸ್‌ಬಿಎನ್, ಅಂದ್ರೆ ಪುಸ್ತಕದ ಗುರುತಿನ ನಂಬರ್, ನಮ್ಮ ದೇಶದಲ್ಲಿ ಫ್ರೀ. ಕೇಂದ್ರ ಶಿಕ್ಷಣ ಸಚಿವಾಲಯದ ಅಡಿ ಇರೋ ರಾಜಾ ರಾಮಮೋಹನ ರಾಯ್ ಏಜೆನ್ಸಿ ಕೊಡುತ್ತೆ, ಪೋರ್ಟಲಲ್ಲಿ ಲೇಖಕರೂ ಅರ್ಜಿ ಹಾಕಬಹುದು. ಮುದ್ರಿತ ಪುಸ್ತಕಕ್ಕೆ ಒಂದು, ಇಬುಕ್‌ಗೆ ಬೇರೆ. ಒಪ್ಪಿಗೆ ಬರೋಕೆ ಸಮಯ ಹಿಡಿಯುತ್ತೆ, ಬಿಡುಗಡೆ ದಿನ ಗೊತ್ತು ಮಾಡಿ ಆಮೇಲೆ ಅರ್ಜಿ ಹಾಕ್ಬೇಡಿ. ಕಾಪಿರೈಟ್ ಬರೆದ ಕ್ಷಣದಿಂದಲೇ ನಿಮ್ಮದು, 1957ರ ಕಾಯ್ದೆ ಪ್ರಕಾರ ನಿಮ್ಮ ಜೀವಮಾನ ಮತ್ತೆ ಆಮೇಲೆ 60 ವರ್ಷ, ನೋಂದಣಿ ಕಡ್ಡಾಯ ಅಲ್ಲ. ಪ್ರಕಾಶಕರ ವಿಳಾಸ ಅಂತ ಮನೆ ವಿಳಾಸ, ಫೋನ್ ನಂಬರ್ ಅಚ್ಚಾಗೋದು ಬೇಡ ಅನ್ನೋರು, ಅದ್ರಲ್ಲೂ ಜಾತಿ, ಲೈಂಗಿಕತೆ ಬಗ್ಗೆ ಬರೆಯೋ ಹೆಣ್ಮಕ್ಕಳು, ಪೋಸ್ಟ್ ಬಾಕ್ಸ್ ತಗೊಂಡು ಬೇರೆ ಇಮೇಲ್ ಇಟ್ಕೊಳ್ಳೋದು ಒಳ್ಳೇದು.

ಎಷ್ಟೋ ಜನ ಮರೆಯೋದು 1954ರ ಪುಸ್ತಕ ಸಲ್ಲಿಕೆ ಕಾಯ್ದೆ. ಪ್ರಕಟವಾದ 30 ದಿನದೊಳಗೆ ಪ್ರಕಾಶಕರು ಸ್ವಂತ ಖರ್ಚಲ್ಲಿ ಒಂದೊಂದು ಪ್ರತಿನ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ ಗ್ರಂಥಾಲಯ, ಮುಂಬೈನ ಕೇಂದ್ರ ಗ್ರಂಥಾಲಯ, ದಿಲ್ಲಿ ಪಬ್ಲಿಕ್ ಲೈಬ್ರರಿಗೆ ಕಳಿಸ್ಬೇಕು. ನೀವೇ ಪ್ರಕಾಶಕರು, ಹಾಗಾಗಿ ನಿಮಗೂ ಅನ್ವಯ.

ಅಚ್ಚು, ಬೆಲೆ, ಮಾರಾಟ

ಪ್ರೆಸ್‌ಗೆ ಹೋದಾಗ 1/8 ಡೆಮ್ಮಿ (ಪುಸ್ತಕದ ಅಳತೆ), ಒಳಗೆ 70 ಜಿಎಸ್‌ಎಂ (ಕಾಗದದ ತೂಕ) ಎನ್‌ಎಸ್ ಮ್ಯಾಪ್‌ಲಿತೋ ಕಾಗದ, ಮುಖಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಅಂದ್ರೆ ಅವರಿಗೆ ಗೊತ್ತಾಗುತ್ತೆ, ಕನ್ನಡದ ಹೆಚ್ಚಿನ ಕಾದಂಬರಿ ಇದೇ ಅಳತೆ. ಒಟ್ಟು ಪುಟ 16ರ ಲೆಕ್ಕದಲ್ಲಿ (16, 32, 48 ಹೀಗೆ) ಬಂದ್ರೆ ಕಾಗದ ದಂಡ ಆಗಲ್ಲ. ಆಫ್‌ಸೆಟ್‌ನಲ್ಲಿ ಪ್ಲೇಟಿನ ಖರ್ಚು ಮೊದಲೇ ಬೀಳೋದ್ರಿಂದ ಜಾಸ್ತಿ ಕಾಪಿ ಹಾಕಿದಷ್ಟೂ ಒಂದೊಂದರ ಬೆಲೆ ಇಳಿಯುತ್ತೆ, ಡಿಜಿಟಲಲ್ಲಿ ಕಾಪಿಗೆ ದುಬಾರಿ, ಆದ್ರೆ ಮಂಚದ ಕೆಳಗೆ ಕಟ್ಟು ಉಳಿಯಲ್ಲ. ಮುಖಬೆಲೆ 200 ಅಂತಿಟ್ಕೊಳ್ಳಿ, ಅಂಗಡಿ ಕಮಿಷನ್ ಶೇ 35 ಆದ್ರೆ ನಿಮ್ಮ ಕೈಗೆ 130, ಅಚ್ಚಿನ ಖರ್ಚು 80 ಹೋದ್ರೆ 50, ಅದ್ರಲ್ಲೇ ಕರಡು, ಮುಖಪುಟ, ಓದಿಸಿದ್ದರ ಸಂಭಾವನೆ ಎಲ್ಲ ಬರಬೇಕು. ಈ ಲೆಕ್ಕನ ನಿಮ್ಮ ಅಂಕಿ ಹಾಕಿ ಮೊದಲೇ ಮಾಡಿ ಬೆಲೆ ಇಡಿ. ಮುದ್ರಿತ ಪುಸ್ತಕದ ಮೇಲೆ ಜಿಎಸ್‌ಟಿ ಇಲ್ಲ.

ಇಬುಕ್, ಆಡಿಯೊಗೆ ಮೈಲ್ಯಾಂಗ್, ಗೂಗಲ್ ಪ್ಲೇ ಇದೆ, ಎಲ್ಲೇ ಹಾಕಿದ್ರೂ ಬೇರೆ ಕಡೆ ಹಾಕೋ ಹಾಗಿಲ್ಲ ಅನ್ನೋ ಷರತ್ತಿದ್ಯಾ ಅಂತ ಓದಿ ಸಹಿ ಮಾಡಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತೆ, ಪ್ರಕಟಣೆ ಬಂದಾಗ ನೋಡ್ಕೊಳ್ಳಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿನೇ ನಂಬ್ಕೊಂಡು ಸಾವಿರ ಕಾಪಿ ಹಾಕ್ಬೇಡಿ. ಬಿಡುಗಡೆ ಬೆಂಗಳೂರಲ್ಲೇ ಆಗ್ಬೇಕಂತಿಲ್ಲ, ಯಲ್ಲಾಪುರದ ಕಥೆ ಆದ್ರೆ ಯಲ್ಲಾಪುರದಲ್ಲೇ ಇಟ್ಕೊಳ್ಳಿ, ನೀವು ಬರೆದಿರೋ ಜನ ಮುಂದಿನ ಸಾಲಲ್ಲಿ ಕೂತು ಪ್ರಶ್ನೆ ಕೇಳಲಿ.

ಮೊದಲ ಮುದ್ರಣ ಚಿಕ್ಕದಾಗಿಡಿ ಅನ್ನೋದಕ್ಕೆ ದುಡ್ಡಿನ ಕಾರಣದ ಜೊತೆ ಇನ್ನೊಂದು ಕಾರಣನೂ ಇದೆ. ಎಷ್ಟೇ ಓದಿಸಿದ್ರೂ ಪುಸ್ತಕ ಹೊರಗೆ ಬಂದ ಮೇಲೆ ಯಾರಾದ್ರೂ "ಇದು ನಮ್ಮಲ್ಲಿ ಹೀಗಿಲ್ಲ" ಅಂತ ಬರೀತಾರೆ. ಅವರ ಮಾತು ಸರಿ ಅನಿಸಿದ್ರೆ ಇಬುಕ್ ಫೈಲ್ ಅವತ್ತೇ ತಿದ್ದಬಹುದು, ಪ್ರಿಂಟ್ ಆನ್ ಡಿಮ್ಯಾಂಡ್ ಆದ್ರೆ ಮುಂದಿನ ಕಾಪಿಯಿಂದಲೇ. ಸಣ್ಣಪುಟ್ಟ ತಿದ್ದುಪಡಿಗೆ ಅದೇ ಐಎಸ್‌ಬಿಎನ್ ನಡೆಯುತ್ತೆ, ಅಧ್ಯಾಯವೇ ಬದಲಾದ್ರೆ ಪರಿಷ್ಕೃತ ಆವೃತ್ತಿ ಅಂತ ಹೊಸ ನಂಬರ್ ತಗೊಳ್ಳಿ, ಏನು ಬದಲಾಯ್ತು ಅಂತ ಮೊದಲ ಪುಟಗಳಲ್ಲೇ ಎರಡು ಸಾಲು ಬರೀರಿ.